ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ

ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ ಎಂಬುದು ಭಾರತದ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ನೀಡಿದ ತೀರ್ಪು. ಆರೋಪಿಯ ಅಥವಾ ಸಾಕ್ಷಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ (ಪಾಲಿಗ್ರಾಫ್) ಹಾಗೂ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಪರೀಕ್ಷೆಗಳನ್ನು (ಬ್ರೇನ್ ಮ್ಯಾಪಿಂಗ್) ನಡೆಸುವುದು ಸಂವಿಧಾನಬಾಹಿರವೆಂದು ಈ ತೀರ್ಪು ಸಾರಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಜೆ. ಎಂ. ಪಾಂಚಾಲ್ ಅವರಿದ್ದ ಪೀಠದ ಪರವಾಗಿ ಬಾಲಕೃಷ್ಣನ್ ಅವರು ತೀರ್ಪನ್ನು ಬರೆದರು. ಅಪರಾಧ ತನಿಖೆಯಲ್ಲಿ ಸತ್ಯವನ್ನು ಕಂಡುಹಿಡಿಯುವುದರಷ್ಟೇ ಅದನ್ನು ಕಂಡುಹಿಡಿಯುವ ಮಾರ್ಗವೂ ನ್ಯಾಯಸಮ್ಮತವಾಗಿರಬೇಕೇ ಎಂಬ ಪ್ರಶ್ನೆಗೆ ಭಾರತೀಯ ಕಾನೂನು ನೀಡಿರುವ ಅತ್ಯಂತ ವಿಸ್ತಾರವಾದ ಉತ್ತರಗಳಲ್ಲಿ ಇದೂ ಒಂದು.

ಹಿನ್ನೆಲೆ

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಇಂತಹ ಪರೀಕ್ಷೆಗಳಿಗೆ ದೇಶದಲ್ಲೇ ಹೆಸರಾಗಿತ್ತು. ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯದ ನೆರವನ್ನು ಕೋರಿ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಮೆದುಳು ಪರೀಕ್ಷೆಯ ಭಾರತೀಯ ರೂಪವೊಂದನ್ನು ಬೆಳೆಸಿದ ಸಿ. ಆರ್. ಮುಕುಂದನ್ ಅವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವಿಜ್ಞಾನಿಯಾಗಿದ್ದವರು. ನಕಲಿ ಮುದ್ರಾಂಕ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು ದೂರದರ್ಶನ ವಾಹಿನಿಗಳಲ್ಲಿ ಪ್ರಸಾರವಾದಾಗ ಈ ವಿಧಾನವು ಮನೆಮಾತಾಯಿತು. ನ್ಯಾಯಾಲಯದಲ್ಲಿ ವಿಚಾರಣೆ ಮುಗಿಯುವ ಮೊದಲೇ ಅರೆಪ್ರಜ್ಞೆಯಲ್ಲಿರುವ ವ್ಯಕ್ತಿಯ ತೊದಲು ಮಾತನ್ನು ಲಕ್ಷಾಂತರ ಮಂದಿ ನೋಡಿ ತೀರ್ಮಾನಕ್ಕೆ ಬರುವುದು ಸ್ವತಃ ಒಂದು ಅನ್ಯಾಯವೆಂಬುದನ್ನು ಆಗ ಗಮನಿಸಿದವರು ಕಡಿಮೆ.

ಪ್ರಕರಣಕ್ಕೆ ಹೆಸರು ಬಂದಿರುವುದು ಬೆಂಗಳೂರಿನ ಕೋರಮಂಗಲ ಠಾಣೆಯ ಮೊಕದ್ದಮೆಯೊಂದರಿಂದ. ಅದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2004ರಲ್ಲಿ ಪರೀಕ್ಷೆಗಳಿಗೆ ಅನುಮತಿ ನೀಡಿತ್ತು. ಬೊಂಬಾಯಿ ಮತ್ತು ಮದ್ರಾಸ್ ಉಚ್ಚ ನ್ಯಾಯಾಲಯಗಳೂ ಅದೇ ನಿಲುವು ತಳೆದಿದ್ದವು. ಇವುಗಳನ್ನು ಪ್ರಶ್ನಿಸಿದ ಮೇಲ್ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯವು ಒಟ್ಟಾಗಿ ಆಲಿಸಿತು.

ಪರೀಕ್ಷೆಗಳ ಸ್ವರೂಪ

ಮಂಪರು ಪರೀಕ್ಷೆಯಲ್ಲಿ ಸೋಡಿಯಂ ಪೆಂಟೋಥಾಲ್ ಎಂಬ ಅರಿವಳಿಕೆ ಔಷಧವನ್ನು ರಕ್ತನಾಳಕ್ಕೆ ಹಾಯಿಸಿ, ವ್ಯಕ್ತಿಯು ಪೂರ್ಣ ನಿದ್ರೆಗೂ ಎಚ್ಚರಕ್ಕೂ ನಡುವೆ ಇರುವಾಗ ಪ್ರಶ್ನೆ ಕೇಳಲಾಗುತ್ತದೆ. ಮಾತನ್ನು ತಡೆಹಿಡಿಯುವ ಶಕ್ತಿ ಆಗ ಕುಗ್ಗುತ್ತದೆ. ಆದರೆ ಕಲ್ಪಿಸಿಕೊಳ್ಳುವ ಶಕ್ತಿ ಕುಗ್ಗುವುದಿಲ್ಲ. ಪ್ರಶ್ನಿಸುವವರು ಸೂಚಿಸಿದ್ದನ್ನೇ ಒಪ್ಪಿ ನುಡಿಯುವ ಸಾಧ್ಯತೆಯೂ ಹೆಚ್ಚುತ್ತದೆ. ಅಮೆರಿಕದಲ್ಲಿ 1963ರ ಟೌನ್‌ಸೆಂಡ್ ವಿರುದ್ಧ ಸೇನ್ ಪ್ರಕರಣದಲ್ಲಿ ಔಷಧದ ಪ್ರಭಾವದಲ್ಲಿ ಪಡೆದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು.

ಪಾಲಿಗ್ರಾಫ್ ಯಂತ್ರವು ಸುಳ್ಳನ್ನು ಅಳೆಯುವುದಿಲ್ಲ. ಉಸಿರಾಟ, ರಕ್ತದೊತ್ತಡ, ನಾಡಿಬಡಿತ ಮತ್ತು ಚರ್ಮದ ವಿದ್ಯುತ್ ಪ್ರತಿರೋಧವನ್ನು ಅಳೆಯುತ್ತದೆ. ಪೊಲೀಸ್ ವಶದಲ್ಲಿರುವ ನಿರಪರಾಧಿಯ ಎದೆಯೂ ಬಡಿದುಕೊಳ್ಳುತ್ತದೆ. ಮೆದುಳು ಪರೀಕ್ಷೆಯು ಪಿ-300 ಎಂಬ ವಿದ್ಯುತ್ ಅಲೆಯನ್ನು ಆಧರಿಸಿ, ತೋರಿಸಿದ ಚಿತ್ರ ಅಥವಾ ಶಬ್ದವು ವ್ಯಕ್ತಿಗೆ ಪರಿಚಿತವೇ ಎಂದು ಊಹಿಸುತ್ತದೆ. ಪರಿಚಯವು ಕೃತ್ಯದಿಂದಲೇ ಬಂದಿರಬೇಕೆಂದಿಲ್ಲ. ಕೃತ್ಯವನ್ನು ಕಂಡ ದಾರಿಹೋಕನಿಗೂ ಪತ್ರಿಕೆಯಲ್ಲಿ ಓದಿದವನಿಗೂ ಅದು ಪರಿಚಿತವೇ.

ತೀರ್ಪಿನ ತರ್ಕ

ಸಂವಿಧಾನದ 20(3)ನೇ ವಿಧಿಯ ಪ್ರಕಾರ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಲಾಗದು. ಈ ರಕ್ಷಣೆಯ ವ್ಯಾಪ್ತಿ ಎಷ್ಟು ಎಂಬುದು ಹಳೆಯ ಪ್ರಶ್ನೆ. 1961ರ ಬೊಂಬಾಯಿ ರಾಜ್ಯ ವಿರುದ್ಧ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹಗಳನ್ನು ಪಡೆಯುವುದು ಈ ವಿಧಿಗೆ ವಿರುದ್ಧವಲ್ಲವೆಂದು ತೀರ್ಮಾನಿಸಿತ್ತು. ಬೆರಳಚ್ಚು ಬದಲಾಗುವುದಿಲ್ಲ, ಅದು ಹೋಲಿಕೆಗೆ ಬೇಕಾದ ಭೌತಿಕ ವಸ್ತು ಮಾತ್ರ. 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ಮೌನದ ಹಕ್ಕು ನ್ಯಾಯಾಲಯದ ಕಟಕಟೆಯಲ್ಲಷ್ಟೇ ಅಲ್ಲ, ಪೊಲೀಸ್ ವಿಚಾರಣೆಯ ಹಂತದಿಂದಲೇ ಇದೆಯೆಂದು ಸ್ಪಷ್ಟವಾಯಿತು.

ಸರ್ಕಾರದ ಪರವಾಗಿ, ಪರೀಕ್ಷೆಯ ಫಲಿತಾಂಶವೂ ಬೆರಳಚ್ಚಿನಂತೆ ಭೌತಿಕ ಸಾಕ್ಷ್ಯವೇ ಎಂಬ ವಾದ ಮಂಡನೆಯಾಯಿತು. ನ್ಯಾಯಾಲಯವು ಒಪ್ಪಲಿಲ್ಲ. ಬಾಯಿಂದ ಬಂದರೂ ನಾಡಿಯಿಂದ ಓದಿದರೂ ಇಲ್ಲಿ ಹೊರಬೀಳುವುದು ವ್ಯಕ್ತಿಯ ಸ್ವಂತ ಅರಿವು; ಆದ್ದರಿಂದ ಅದು ಸಾಕ್ಷ್ಯ ನುಡಿಯುವುದಕ್ಕೆ ಸಮ. ವೈದ್ಯಕೀಯ ತಪಾಸಣೆಗೆ ಸಂಬಂಧಿಸಿದ ದಂಡ ಪ್ರಕ್ರಿಯಾ ಸಂಹಿತೆಯ 53ನೇ ಕಲಮಿನಲ್ಲಿರುವ ‘ಇತರ ಪರೀಕ್ಷೆಗಳು’ ಎಂಬ ಮಾತು ರಕ್ತ, ಕೂದಲು ಮೊದಲಾದ ಭೌತಿಕ ಮಾದರಿಗಳ ಪರೀಕ್ಷೆಗೆ ಸೀಮಿತವೆಂದೂ ಪೀಠವು ವಿವರಿಸಿತು. ಮಾತನಾಡಬೇಕೋ ಮೌನವಾಗಿರಬೇಕೋ ಎಂಬ ಆಯ್ಕೆಯು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವಾದ್ದರಿಂದ ಮನಸ್ಸಿನ ಖಾಸಗಿತನಕ್ಕೂ ರಕ್ಷಣೆ ದೊರೆಯಿತು.

ಇಂತಹ ಪರೀಕ್ಷೆಗಳು ಹೊಡೆದು ಬಡಿದು ಬಾಯಿಬಿಡಿಸುವ ‘ಥರ್ಡ್ ಡಿಗ್ರಿ’ ಕ್ರಮಕ್ಕಿಂತ ಮೇಲಲ್ಲವೇ ಎಂಬ ವಾದವೂ ಬಂದಿತು. ಸಾಮಾನ್ಯ ಜನರಿಗೂ ಒಪ್ಪಿಗೆಯಾಗುವಂತೆ ಕಾಣುವ ವಾದವಿದು. ಒಂದು ತಪ್ಪು ನಡತೆಯ ಬದಲಿಗೆ ಇನ್ನೊಂದನ್ನು ತರುವ ಸುತ್ತುತರ್ಕವೆಂದು ಪೀಠವು ಅದನ್ನು ತಳ್ಳಿಹಾಕಿತು.

ಒಪ್ಪಿಗೆ ಮತ್ತು ಸುರಕ್ಷತಾ ಕ್ರಮಗಳು

ವ್ಯಕ್ತಿಯು ಸ್ವಇಚ್ಛೆಯಿಂದ ಒಪ್ಪಿದರೆ ಪರೀಕ್ಷೆಗೆ ಅಡ್ಡಿಯಿಲ್ಲ. ಆಗಲೂ ಅವನು ಆಡಿದ ಮಾತು ಸಾಕ್ಷ್ಯವಾಗದು. ಆ ಮಾತಿನ ನೆರವಿನಿಂದ ನಂತರ ಪತ್ತೆಯಾದ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಡಿ ಹಾಜರುಪಡಿಸಬಹುದು. ಉದಾಹರಣೆಗೆ, ತೋಟದಲ್ಲಿ ಹೂತಿಟ್ಟ ಆಯುಧ ಸಿಕ್ಕರೆ ಅದನ್ನು ಪರಿಗಣಿಸಬಹುದು. ಆದರೆ ‘ನಾನೇ ಕೊಂದೆ’ ಎಂಬ ಮಂಪರಿನ ಮಾತನ್ನು ಪರಿಗಣಿಸುವಂತಿಲ್ಲ.

ಪೊಲೀಸರ ವಶದಲ್ಲಿರುವವನ ಒಪ್ಪಿಗೆ ನಿಜಕ್ಕೂ ಸ್ವಇಚ್ಛೆಯದೇ ಎಂಬುದು ಇಡೀ ವಿಷಯದ ಕಠಿಣ ಭಾಗ. ಅದಕ್ಕಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪಾಲಿಗ್ರಾಫ್ ಕುರಿತು 2000ದಲ್ಲಿ ಹೊರಡಿಸಿದ್ದ ಮಾರ್ಗಸೂಚಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದೂ ಉಳಿದೆರಡು ಪರೀಕ್ಷೆಗಳಿಗೂ ಅಂಥವೇ ಕ್ರಮಗಳು ಅಗತ್ಯವೆಂದೂ ನ್ಯಾಯಾಲಯವು ಹೇಳಿತು. ಅವುಗಳ ಪ್ರಕಾರ ಒಪ್ಪುವ ಮುನ್ನ ವಕೀಲರ ನೆರವು ದೊರೆಯಬೇಕು ಮತ್ತು ದೈಹಿಕ, ಮಾನಸಿಕ, ಕಾನೂನಾತ್ಮಕ ಪರಿಣಾಮಗಳನ್ನು ತಿಳಿಸಬೇಕು. ಒಪ್ಪಿಗೆಯನ್ನು ನ್ಯಾಯಿಕ ದಂಡಾಧಿಕಾರಿಯ ಮುಂದೆ, ವಕೀಲರ ಸಮ್ಮುಖದಲ್ಲಿ ದಾಖಲಿಸಬೇಕು. ತನ್ನ ಹೇಳಿಕೆಗೆ ದಂಡಾಧಿಕಾರಿಯ ಮುಂದಿನ ತಪ್ಪೊಪ್ಪಿಗೆಯ ಸ್ಥಾನವಿಲ್ಲ, ಪೊಲೀಸರಿಗೆ ನೀಡಿದ ಹೇಳಿಕೆಯ ಸ್ಥಾನ ಮಾತ್ರವಿದೆ ಎಂಬುದು ಆತನಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಆತನು ಎಷ್ಟು ಕಾಲ ವಶದಲ್ಲಿದ್ದನು, ವಿಚಾರಣೆ ಹೇಗೆ ನಡೆದಿತ್ತು ಎಂಬುದನ್ನು ದಂಡಾಧಿಕಾರಿ ಪರಿಶೀಲಿಸಬೇಕು. ಪರೀಕ್ಷೆಯನ್ನು ಆಸ್ಪತ್ರೆಯಂತಹ ಸ್ವತಂತ್ರ ಸಂಸ್ಥೆಯು ವಕೀಲರ ಸಮ್ಮುಖದಲ್ಲಿ ದಾಖಲಿಸಿಕೊಳ್ಳಬೇಕು.

ಈ ನಿಯಮಗಳು ದೆಹಲಿಯಲ್ಲಿ ರೂಪುಗೊಂಡರೂ ಅವು ಜಾರಿಯಾಗಬೇಕಾದ ಸ್ಥಳ ತಾಲ್ಲೂಕು ನ್ಯಾಯಾಲಯ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ರೈತನೊಬ್ಬನು ಬಂಧಿತನಾದನೆಂದು ಭಾವಿಸಿದರೆ, ಸಂವಿಧಾನದ 22ನೇ ವಿಧಿಯಂತೆ ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಆತನನ್ನು ಹತ್ತಿರದ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಪರೀಕ್ಷೆಗೆ ಒಪ್ಪುವೆಯಾ ಎಂದು ಕೇಳಬೇಕಾದವರೂ ಅಂಥದೇ ದಂಡಾಧಿಕಾರಿ. ವಕೀಲರಿಗೆ ಹಣ ಕೊಡಲಾಗದಿದ್ದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ನೆರವು ಲಭ್ಯ. ವಶದಲ್ಲಿರುವ ವ್ಯಕ್ತಿಗೆ ಇದಕ್ಕಾಗಿ ಆದಾಯದ ಮಿತಿಯಿಲ್ಲ. ರಾಮನಗರ (2025ರಿಂದ ಬೆಂಗಳೂರು ದಕ್ಷಿಣ) ಜಿಲ್ಲೆಯೂ ಸೇರಿದಂತೆ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಪ್ರಾಧಿಕಾರವೂ ತಾಲ್ಲೂಕುಗಳಲ್ಲಿ ಸಮಿತಿಗಳೂ ಈ ಕೆಲಸಕ್ಕಾಗಿವೆ. ಒಪ್ಪಿಗೆಯ ಪ್ರಶ್ನೆಯಲ್ಲಿ ಆ ವಕೀಲರು ನೆಪಮಾತ್ರಕ್ಕೆ ನಿಂತರೆ ತೀರ್ಪಿನ ಬಹುಭಾಗ ಕಾಗದದಲ್ಲೇ ಉಳಿಯುತ್ತದೆ.

ನಂತರದ ಬೆಳವಣಿಗೆಗಳು

2019ರ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಧ್ವನಿ ಮಾದರಿಯನ್ನು ನೀಡುವಂತೆ ದಂಡಾಧಿಕಾರಿಯು ಆದೇಶಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಧ್ವನಿಯನ್ನು ಹೋಲಿಕೆಗಷ್ಟೇ ಬಳಸುವುದರಿಂದ ಅದು ಬೆರಳಚ್ಚಿನ ಸಾಲಿಗೆ ಸೇರಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಹಳೆಯ 27ನೇ ಕಲಮು ಈಗ ಹೊಸ ಅಧಿನಿಯಮದ 23ನೇ ಕಲಮಿನ ಭಾಗವಾಗಿದೆ. ಸೆಲ್ವಿ ತೀರ್ಪು ಸಂವಿಧಾನದ ವಿಧಿಗಳನ್ನೇ ಆಧರಿಸಿರುವುದರಿಂದ ಕಾಯ್ದೆಗಳ ಬದಲಾವಣೆಯಿಂದ ಅದಕ್ಕೆ ಧಕ್ಕೆಯಾಗಿಲ್ಲ.

2025ರ ಜೂನ್ 9ರ ಅಮ್ಲೇಶ್ ಕುಮಾರ್ ವಿರುದ್ಧ ಬಿಹಾರ ರಾಜ್ಯ ತೀರ್ಪು ಇದನ್ನು ದೃಢಪಡಿಸಿತು. ಜಾಮೀನು ಅರ್ಜಿಯ ವಿಚಾರಣೆಯಲ್ಲಿ ಎಲ್ಲ ಆರೋಪಿಗಳನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವ ಪೊಲೀಸರ ಪ್ರಸ್ತಾವವನ್ನು ಪಟ್ನಾ ಉಚ್ಚ ನ್ಯಾಯಾಲಯವು ಒಪ್ಪಿಕೊಂಡದ್ದು ಸೆಲ್ವಿ ತೀರ್ಪಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ತನ್ನ ನಿರಪರಾಧಿತ್ವವನ್ನು ತೋರಿಸಲು ಆರೋಪಿಯೇ ಪರೀಕ್ಷೆಯನ್ನು ಬಯಸಿದರೆ ಏನೆಂಬ ಪ್ರಶ್ನೆಗೂ ಅಲ್ಲಿ ಉತ್ತರವಿದೆ: ಅದು ಅಬಾಧಿತ ಹಕ್ಕಲ್ಲ, ಸೂಕ್ತ ಹಂತದಲ್ಲಿ ನ್ಯಾಯಾಲಯದ ಅನುಮತಿಯೊಂದಿಗೆ ಕೋರಬಹುದಾದದ್ದು.