ಪುಟ್ಟ ಲಿವರಿನ ಬೆಲೆ

ಚಾರಣಕ್ಕೋ ಪಕ್ಷಿವೀಕ್ಷಣೆಗೋ ಹೊಳೆದಂಡೆಯ ಬಿಡಾರಕ್ಕೋ ರಜಾದಿನಗಳನ್ನು ಮೀಸಲಿಡುವ ಕುಟುಂಬ ವಾಹನ ಕೊಳ್ಳಲು ಹೊರಟಾಗ ಮಳಿಗೆಯಲ್ಲಿ ಮೊದಲು ಕಿವಿಗೆ ಬೀಳುವುದು ‘ಫೋರ್ ಬೈ ಫೋರ್’ ಎಂಬ ಮಾತು. ಅದರ ನಿಜವಾದ ತೂಕವನ್ನು ಅಳೆಯಲು ಮಾತ್ರ ಕೊಡಚಾದ್ರಿಯ ದಾರಿಗೇ ಹೋಗಬೇಕು. 1343 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕೊಲ್ಲೂರು, ನಿಟ್ಟೂರುಗಳ ಕಡೆಯಿಂದ ಯಾತ್ರಿಕರನ್ನು ಹೊತ್ತೊಯ್ಯುವ ಬಾಡಿಗೆ ಜೀಪುಗಳು, ಮಳೆನೀರು ಕೊರೆದು ಬಂಡೆ ಎದ್ದುನಿಂತ ಏರಿನಲ್ಲಿ ನಡೆಯುವವನ ವೇಗಕ್ಕಿಂತ ಹೆಚ್ಚೇನೂ ಇಲ್ಲದೆ, ಆದರೆ ಒಮ್ಮೆಯೂ ಉಸಿರುಗಟ್ಟದೆ ಸಾಗುತ್ತವೆ.

ಈ ಸಾಮರ್ಥ್ಯದ ಮೂಲ ಗೇರ್ ಲಿವರಿನ ಪಕ್ಕದಲ್ಲಿರುವ, ಪ್ರಯಾಣಿಕರಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಲಿವರಿನಲ್ಲಿದೆ. ಕಡಿದಾದ ಏರಿಗೆ ಮುನ್ನ ಚಾಲಕ ಜೀಪನ್ನು ಪೂರ್ತಿ ನಿಲ್ಲಿಸಿ ಅದನ್ನು ‘ಲೋ’ ಸ್ಥಾನಕ್ಕೆ ಎಳೆದಾಗ, ಟ್ರಾನ್ಸ್‌ಫರ್ ಕೇಸ್, ಅಂದರೆ ಗೇರ್‌ಬಾಕ್ಸಿನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ವೇಗವನ್ನು ಇಳಿಸಿ ತಿರುಗುಬಲವನ್ನು ಹೆಚ್ಚಿಸುತ್ತದೆ. ಈ ಅನುಪಾತ ಇಂದಿನ ಜಿಮ್ನಿಯಲ್ಲಿ ಸುಮಾರು 2, ಥಾರ್‌ನಲ್ಲಿ ಸುಮಾರು 2.5ರಷ್ಟಿದ್ದು, ಸಣ್ಣ ಎಂಜಿನ್ ಕೂಡ ತುಂಬಿದ ಗಾಡಿಯನ್ನು ಕ್ಲಚ್ ಸುಡದೆ ಎಳೆಯಲು ಇದೇ ಕಾರಣ. ಏರುವಾಗಿನ ಈ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಲಿವರಿನ ದೊಡ್ಡ ಉಪಕಾರ ಕಾಣುವುದು ಇಳಿಯುವಾಗ. ಲೋ ಸ್ಥಾನದಲ್ಲಿ ಮೊದಲನೆಯ ಗೇರ್ ಹಾಕಿದ ಜೀಪನ್ನು ಎಂಜಿನ್ನೇ ಹಿಡಿದುಕೊಳ್ಳುವುದರಿಂದ, ಬ್ರೇಕ್ ಕಾದು ಸೋಲುವ ಅಪಾಯವೂ ಒದ್ದೆ ಮಣ್ಣಿನಲ್ಲಿ ಚಕ್ರ ಬಿಗಿದು ಜಾರುವ ಅಪಾಯವೂ ಬಹುಮಟ್ಟಿಗೆ ತಪ್ಪುತ್ತವೆ. ಈ ಲಿವರಿಲ್ಲದೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ನಗರದ ಎಸ್‌ಯುವಿಗಳು ಕೆಸರಿನಲ್ಲಿ ಹಿಡಿತ ಕೊಡುತ್ತವೆಯೇ ಹೊರತು ಇಂಥ ಇಳಿಜಾರಿನಲ್ಲಿ ಆ ಮಟ್ಟದ ತಾಳ್ಮೆ ತೋರಲಾರವು. ಕಾಡುದಾರಿಗೆಂದು ಹೆಚ್ಚಿನ ಹಣ ತೆರುವವರು ತೆರಬೇಕಾದದ್ದು ಲಿವರಿಗೇ ಹೊರತು ಹಿಂಬಾಗಿಲಿನ ಲಾಂಛನಕ್ಕಲ್ಲ.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನೊಂದಿಗೆ ಈ ವ್ಯವಸ್ಥೆ ದೇಶದಲ್ಲಿ ಬೇರೂರಿತು. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1.3 ಲೀಟರಿಗೆ ಬೆಳೆದ ಮಾರುತಿ ಜಿಪ್ಸಿ ಅದನ್ನೇ ಸುಮಾರು ಒಂದು ಟನ್ ತೂಕದ ಹಗುರ ಮೈಗೆ ಅಳವಡಿಸಿಕೊಂಡಿತು. ಕೆಸರಿನಲ್ಲಿ ಹೂತರೆ ನಾಲ್ಕು ಜನ ಸೇರಿ ತಳ್ಳಿ ಎತ್ತಬಹುದಾದ ಈ ಹಗುರತನವೇ ಜಿಪ್ಸಿಯ ಅತ್ಯಂತ ಪ್ರೀತಿಪಾತ್ರ ಗುಣ.

ಆದರೆ ಹೊರಸಂಚಾರಿಗಳೆಲ್ಲರೂ ಕೊಡಚಾದ್ರಿ ಏರುವವರಲ್ಲ. ತೋಟದ ಮಣ್ಣುದಾರಿ, ಚಾರಣ ಶುರುವಾಗುವ ಊರು, ಅಣೆಕಟ್ಟಿನ ಹಿನ್ನೀರಿನ ದಂಡೆ ಇಷ್ಟೇ ಗುರಿಯಾದರೆ ಬೊಲೆರೊದಂಥ ಗಟ್ಟಿ ಚಾಸಿಯ, ಹಿಂಬದಿ ಚಕ್ರದಿಂದ ಓಡುವ ವಾಹನ ಧಾರಾಳವಾಗಿ ಸಾಕು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ, ಸಾಮಾನು ತುಂಬಿದಾಗ ಅದರ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಬೆಲೆಯ ವಿಷಯದಲ್ಲಿ ತೆರಿಗೆಯ ನಿಯಮವೂ ಅದರ ಪರವಾಗಿದೆ: ನಾಲ್ಕು ಮೀಟರ್ ಉದ್ದವನ್ನೂ, ಪೆಟ್ರೋಲಾದರೆ 1200, ಡೀಸೆಲಾದರೆ 1500 ಸಿಸಿಯನ್ನೂ ಮೀರದ ವಾಹನಗಳಿಗಷ್ಟೇ ಕಡಿಮೆ ತೆರಿಗೆಯಿದ್ದು, 1.5 ಲೀಟರ್ ಡೀಸೆಲ್ ಬೊಲೆರೊ ಅದರೊಳಗೆ ಬರುತ್ತದೆ, ಅಷ್ಟೇ ಪುಟ್ಟದಾದ ಜಿಮ್ನಿ 1462 ಸಿಸಿ ಪೆಟ್ರೋಲ್ ಎಂಜಿನ್ನಿನಿಂದಾಗಿ ಹೊರಗುಳಿಯುತ್ತದೆ.

ಲಿವರ್ ಬೇಕೇ ಬೇಕು, ಹಣ ಕಡಿಮೆ ಎನ್ನುವವರಿಗೆ ಉಳಿಯುವುದು ಹಳೆಯ ಜಿಪ್ಸಿ. ಹೊರಗಿನ ಬಣ್ಣಕ್ಕೆ ಮರುಳಾಗದೆ ಮೊದಲು ಚಾಸಿಯ ಅಡಿಗೆ ತೂರಿ, ಕಮಾನುಪಟ್ಟಿಗಳು, ಅಂದರೆ ತೂಗಾಟವನ್ನು ತಾಳುವ ಉಕ್ಕಿನ ಪಟ್ಟಿಗಳು, ಸೇರುವೆಡೆಯಲ್ಲಿ ತುಕ್ಕು ಹಿಡಿದಿದೆಯೇ ಎಂದು ನೋಡಬೇಕು, ಮಲೆನಾಡಿನ ಮಳೆಯಲ್ಲಿ ದುಡಿದ ಗಾಡಿಯಾದರೆ ಇನ್ನೂ ಕಟ್ಟುನಿಟ್ಟಾಗಿ; 15 ವರ್ಷ ಮೀರಿದ್ದರೆ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ದಾಖಲೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಬಳಿಕ, ಮುಂದಿನ ಹಾಗೂ ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಕ್ರಮಿಸುವುದರಿಂದ ಗೇರುಗಳು ಬಿಗಿದುಕೊಳ್ಳುವ ಡಾಂಬರು ರಸ್ತೆಯನ್ನು ಬಿಟ್ಟು, ಮಣ್ಣಿನ ಇಳಿಜಾರಿನಲ್ಲಿ ಲೋ ಹಾಕಿ, ಬ್ರೇಕ್ ಮುಟ್ಟದೆ ಇಳಿಸಿ ನೋಡಬೇಕು. ಆಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ ಎಂದೇ ತಿಳಿದು, ಅದರ ದುರಸ್ತಿಯ ವೆಚ್ಚವನ್ನು ಮಾರುವವರ ಬೆಲೆಯಿಂದ ಕಳೆದೇ ಮಾತು ಮುಂದುವರಿಸಬೇಕು.