ನಾನಾಡಿದ ಮಾತು ಎಲ್ಲೋಯ್ತು?

ಕಳೆದ ವರ್ಷ ಗೆಳೆಯರ ಗುಂಪೊಂದು ‘ನೀರು’ ಎಂಬ ವಸ್ತುವಿನ ಮೇಲೆ ಧ್ವನಿಸಂಕಲನ ತರಲು ಹೊರಟಿತು. ಹಾಡು ಬೇಡ, ಭಾಷಣ ಬೇಡ, ಪ್ರಯೋಗ ಬೇಕು, ಒಬ್ಬೊಬ್ಬರಿಗೆ ಆರು ನಿಮಿಷ ಅಂದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ಸಂಗೀತ ಕಲಿತವನಲ್ಲ. ಆದರೂ ಒಪ್ಪಿಕೊಂಡೆ. ನಮ್ಮ ದೊಡ್ಡವ್ವನ ಮಾತು ನನ್ನ ಫೋನಿನಲ್ಲಿತ್ತು. ಊರಬಾವಿಯ ಕಟ್ಟೆಯಿಂದ ದೂರ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಬಂದು ಮೇಲಿನಿಂದ ಹುಯ್ಯಲಿ ಎಂದು ಕಾದು ನಿಂತ ಹೊತ್ತುಗಳನ್ನು ಅವಳು ಅದರಲ್ಲಿ ಹೇಳಿದ್ದಳು.

ಇದನ್ನು ‘ಪ್ರಯೋಗ’ ಮಾಡುವುದು ಹೇಗೆ? ಹುಡುಕುವಾಗ ಸಿಕ್ಕಿದ್ದು ಅಮೆರಿಕದ ಸ್ಟೀವ್ ರೈಶ್ ೧೯೬೬ರಲ್ಲಿ ಮಾಡಿದ ‘ಕಮ್ ಔಟ್’. ಅದರ ಹುಟ್ಟನ್ನು ಕೊಂಚ ವಿವರವಾಗಿಯೇ ಹೇಳಬೇಕು. ೧೯೬೪ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿ ಹಣ್ಣಿನಂಗಡಿಯೊಂದರ ಬಳಿ ಗಲಾಟೆಯಾಯಿತು. ಪೊಲೀಸರು ಕಪ್ಪು ಹುಡುಗರನ್ನು ಹಿಡಿದು ಬಡಿದರು. ಅವರಲ್ಲೊಬ್ಬ ಡೇನಿಯಲ್ ಹ್ಯಾಮ್. ರಕ್ತ ಸುರಿಯುತ್ತಿದ್ದವರನ್ನು ಮಾತ್ರ ಆಸ್ಪತ್ರೆಗೆ ಒಯ್ಯುತ್ತಿದ್ದರಿಂದ ಅವನು ಹೆಪ್ಪುಗಟ್ಟಿದ ತನ್ನ ಬಾವನ್ನು ಹಿಸುಕಿ ನೆತ್ತರು ಬರಿಸಿ ತೋರಿಸಬೇಕಾಯಿತು. ಅದೇ ತಿಂಗಳು ಅಂಗಡಿಯವಳೊಬ್ಬಳ ಕೊಲೆಯಾದಾಗ ಅವನೂ ಸೇರಿ ಆರು ಹುಡುಗರ ಮೇಲೆ ಆರೋಪ ಹೊರಿಸಲಾಯಿತು. ೧೯೬೫ರಲ್ಲಿ ಶಿಕ್ಷೆ. ೧೯೬೮ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಆದರೂ ಹ್ಯಾಮ್ ಬಿಡುಗಡೆಯಾದದ್ದು ೧೯೭೪ರಲ್ಲಿ! ಈ ‘ಹಾರ್ಲೆಂ ಸಿಕ್ಸ್’ ಬಗ್ಗೆ ಜೇಮ್ಸ್ ಬಾಲ್ಡ್‌ವಿನ್ ೧೯೬೬ರಲ್ಲಿ ಬರೆದ ಲೇಖನವನ್ನು ನಮ್ಮ ವಿದ್ಯಾರ್ಥಿಗಳು ಓದಲೇಬೇಕು.

ಟ್ರೂಮನ್ ನೆಲ್ಸನ್ ಎಂಬ ಲೇಖಕ ಈ ಹುಡುಗರ, ಅವರ ತಾಯಂದಿರ ಮಾತುಗಳನ್ನು ಟೇಪಿನಲ್ಲಿ ಹಿಡಿದಿದ್ದ. ಮರುವಿಚಾರಣೆಗೆ ಹಣ ಕೂಡಿಸುವ ಸಭೆಗಾಗಿ ಅವನ್ನು ಕತ್ತರಿಸಿ ಜೋಡಿಸಿಕೊಡಲು ರೈಶ್ ಒಪ್ಪಿದ. ಪ್ರತಿಯಾಗಿ, ಅದರಲ್ಲೊಂದು ತುಣುಕಿನಿಂದ ತನ್ನದೊಂದು ಕೃತಿ ಮಾಡಿಕೊಳ್ಳಲು ಅನುಮತಿ ಪಡೆದ. ಆರಿಸಿಕೊಂಡಿದ್ದು ಹ್ಯಾಮ್ ಬಾವಿನ ಬಗ್ಗೆ ಆಡಿದ ಮಾತನ್ನು. ಮೊದಲು ಪೂರ್ತಿ ವಾಕ್ಯ ಮೂರು ಸಲ ಕೇಳುತ್ತದೆ. ಆಮೇಲೆ ಅದರ ಕೊನೆಯ ಐದು ಪದ ಮಾತ್ರ, ಎರಡು ವಾಹಿನಿಗಳಲ್ಲಿ ಒಟ್ಟಿಗೆ. ಒಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ದನಿಗೆ ಮಾರ್ದನಿ ಹುಟ್ಟುತ್ತದೆ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಸುಮಾರು ಹದಿಮೂರು ನಿಮಿಷ ಮುಗಿಯುವ ಹೊತ್ತಿಗೆ ಪದ ಸತ್ತು ಬರೀ ಲಯ, ಬರೀ ಸದ್ದು ಉಳಿದಿರುತ್ತದೆ. ೧೯೬೭ರಲ್ಲಿ ಇದು ರಿಚರ್ಡ್ ಮ್ಯಾಕ್ಸ್‌ಫೀಲ್ಡ್, ಪಾಲಿನ್ ಓಲಿವೆರೋಸ್ ಕೃತಿಗಳ ಜೊತೆ ‘ನ್ಯೂ ಸೌಂಡ್ಸ್ ಇನ್ ಎಲೆಕ್ಟ್ರಾನಿಕ್ ಮ್ಯೂಸಿಕ್’ ಎಂಬ ಸಂಕಲನದಲ್ಲಿ ಬಂತು. ಸಭೆಯಲ್ಲಿ ಮೊಕದ್ದಮೆಯ ಭಾಗವಾಗಿದ್ದ ದನಿ, ರೆಕಾರ್ಡಿನಲ್ಲಿ ಹೊಸ ಸಂಗೀತದ ಮಾದರಿಯಾಯಿತು.

ನಾನೂ ಅದನ್ನೇ ಮಾಡಿದೆ. ಟೇಪು ಬೇಕಿಲ್ಲ, ಈಗ ಕಂಪ್ಯೂಟರ್ ಸಾಕು. ದೊಡ್ಡವ್ವನ ‘ಒಂದ್ ಬಿಂದ್ಗೆ ಹುಯ್ರವ್ವ’ ಎಂಬುದನ್ನು ತುಂಡರಿಸಿ ಎರಡು ಸಾಲಿನಲ್ಲಿಟ್ಟು, ಒಂದರ ವೇಗ ಚೂರು ಹೆಚ್ಚಿಸಿದೆ. ಮೂರನೇ ನಿಮಿಷಕ್ಕೆ ನಿಜಕ್ಕೂ ನೀರಿನ ಸದ್ದೇ ಬಂತು. ಗೆಳೆಯರು ಕುಣಿದಾಡಿದರು. ಆರಂಭದಲ್ಲಿ ಊರು-ಕೇರಿ ವಿಷಯ ಸ್ವಲ್ಪ ಉದ್ದವಾಯ್ತು, ತೆಗೀಬೋದಾ ಅಂದರು. ಪುಳಕದಲ್ಲಿದ್ದ ನಾನು ಹೂಂ ಅಂದುಬಿಟ್ಟೆ. ಊರಿಗೆ ಹೋಗಿ ದೊಡ್ಡವ್ವನಿಗೆ ಕೇಳಿಸಿದೆ. ಕೊನೇವರೆಗೂ ಕೇಳಿದಳು. ‘ಅಲ್ಲ ಕಣ್ ಮಗಾ, ನಾನಾಡಿದ್ ಮಾತು ಎಲ್ಲೋಯ್ತು?’ ಅಂದಳು.

ನಮ್ಮ ನವ್ಯ ವಿಮರ್ಶೆ ಆಕೃತಿಯನ್ನೇ ಜಪಿಸುತ್ತಿದ್ದಾಗ ದಲಿತ ಬರಹಗಾರರು ಎತ್ತಿದ ತಕರಾರು ಇದಕ್ಕಿಂತ ಬೇರೆಯೇನಲ್ಲ. ಆಕೃತಿ ಬೇಡವೆಂದಲ್ಲ, ಯಾರ ಅನುಭವ ಕರಗಿ ಯಾರ ಆಕೃತಿಯಾಗುತ್ತದೆ ಎಂಬುದು ಪ್ರಶ್ನೆ. ರೈಶ್‌ನನ್ನು ಕಳ್ಳ ಎನ್ನುವುದು ಸುಲಭ, ಅದು ನ್ಯಾಯವಲ್ಲ. ಅವನು ಕೆಲಸ ಮಾಡಿಕೊಟ್ಟ. ಹ್ಯಾಮ್ ಹೆಸರನ್ನು ಮುಚ್ಚಿಡಲಿಲ್ಲ. ಆ ಹುಡುಗನ ಮಾತನ್ನು ಇವತ್ತು ನಾವು ಕೇಳುತ್ತಿರುವುದೂ ಈ ಕೃತಿಯಿಂದಲೇ. ಆದರೆ ಹ್ಯಾಮ್ ವಿವರಣೆಯಲ್ಲಿದ್ದಾನೆ, ಕೃತಿಕಾರನ ಜಾಗದಲ್ಲಿಲ್ಲ. ಹಿಂದಿನ ವರ್ಷದ ‘ಇಟ್ಸ್ ಗೊನ್ನಾ ರೇನ್’ಗೂ ರೈಶ್ ಬಳಸಿದ್ದು ಕಪ್ಪು ಬೋಧಕನೊಬ್ಬನ ದನಿಯನ್ನೇ. ನಾನಂತೂ ಹೊರಗಿನವನೂ ಅಲ್ಲ, ಅದೇ ಕೇರಿಯ ಮಗ. ಎಂ.ಎ. ಓದಿದ ಕಿವಿಗೆ ದೊಡ್ಡವ್ವನ ಮಾತಿಗಿಂತ ಅದರ ಸದ್ದು ರುಚಿಸಿತ್ತು, ಅಷ್ಟೇ.

ಆಮೇಲೆ ಇಡೀ ತುಣುಕನ್ನು ತಿರುಗಿಸಿದೆ. ಈಗ ಮೊದಲಿಗೆ ಕೇಳುವುದು ಅರ್ಥವಾಗದ ಗದ್ದಲ. ಎರಡು ಸಾಲು ನಿಧಾನ ಹತ್ತಿರ ಬಂದು, ನಾಲ್ಕನೇ ನಿಮಿಷಕ್ಕೆ ಒಂದಾಗುತ್ತವೆ. ಉಳಿದ ಎರಡು ನಿಮಿಷ ದೊಡ್ಡವ್ವ ಒಬ್ಬಳೇ ಮಾತಾಡುತ್ತಾಳೆ, ಊರು-ಕೇರಿಯ ಹೆಸರು ಹಿಡಿದು. ಅವಳ ಹೆಸರು ಮೊದಲು, ನನ್ನದು ಕೆಳಗೆ. ಪ್ರಯೋಗ ಕಮ್ಮಿಯಾಯ್ತು ಅಂತ ಗೆಳೆಯರು ಗೊಣಗಿದರು. ಕೇರಿ ತೆಗೆದರೆ ತುಣುಕೂ ಇಲ್ಲ ಅಂದೆ. ಒಪ್ಪಿದರು.

ಇದನ್ನೂ ದೊಡ್ಡವ್ವನಿಗೆ ಕೇಳಿಸಿದೆ. ‘ಹಗ್ಗದ್ ಸದ್ದು ಎಲ್ಲಿ?’ ಅಂದಳು. ಅವರು ಸೇದುವಾಗ ಹಗ್ಗ ಕಲ್ಲಿಗೆ ಉಜ್ಜುವ ಸದ್ದು ಕೇಳ್ತಾ, ಇನ್ನೆಷ್ಟು ಹೊತ್ತು ನಿಲ್ಲಬೇಕು ಅಂತ ಲೆಕ್ಕ ಹಾಕ್ತಿದ್ರಂತೆ. ಆ ಸದ್ದಿಗಾಗಿ ಊರಬಾವಿ ಹತ್ತಿರ ಹೋದೆ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಮೋಟಾರು ಕೂರಿಸಿದ್ದಾರೆ.