ನಿಮಗಿದು ಗೊತ್ತೆ? ದುಃಖಕ್ಕೆ ಐದು ಮೆಟ್ಟಿಲುಗಳಿಲ್ಲ

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ: ಆಪ್ತರನ್ನು ಕಳೆದುಕೊಂಡವರು ಈ ಐದು ಹಂತಗಳನ್ನು ದಾಟಲೇಬೇಕೆಂದು ಹಲವರು ನಂಬಿದ್ದಾರೆ. ಆದರೆ ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರ ತಮ್ಮ ಪುಸ್ತಕದಲ್ಲಿ ಇವನ್ನು ವಿವರಿಸಿದ್ದು ಸಾವಿನಂಚಿನಲ್ಲಿದ್ದ ರೋಗಿಗಳೊಡನೆ ಮಾತಾಡಿ. ಅವರ ಹಿಂದೆ ಉಳಿದವರನ್ನು ಕಂಡಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಗೆ ಬರಬೇಕಿದ್ದ 'ಒಪ್ಪಿಗೆ'ಯೇ ಮೊದಲ ತಿಂಗಳುಗಳಿಂದಲೂ ಎಲ್ಲಕ್ಕಿಂತ ಹೆಚ್ಚಾಗಿತ್ತು. ನೋವಿನ ಭಾವಗಳಲ್ಲಿ ಮುಂದಿದ್ದದ್ದು ಖಿನ್ನತೆಯಲ್ಲ, ಹೋದವರಿಗಾಗಿ ಹಂಬಲ. ಪಟ್ಟಿಯಲ್ಲಿ ಹಂಬಲಕ್ಕೆ ಜಾಗವೇ ಇರಲಿಲ್ಲವೆಂಬುದು ಯೋಚಿಸಬೇಕಾದ ಸಂಗತಿ.

ಹಂತಗಳ ಮಾತು ಎಷ್ಟೋ ಜನರಿಗೆ ಸಮಾಧಾನ ಕೊಟ್ಟಿದೆಯಲ್ಲ ಎನ್ನಬಹುದು. ನಿಜ, ತನ್ನ ಸಿಟ್ಟು ಅಸಹಜವಲ್ಲವೆಂದು ತಿಳಿಯುವುದೂ ದೊಡ್ಡ ನೆಮ್ಮದಿಯೇ. ಅದೇ ಪಟ್ಟಿ ಅಳತೆಗೋಲಾದಾಗ ಮಾತ್ರ, ಅಳು ಬಾರದವರು ಕಲ್ಲುಮನಸ್ಸಿನವರೆನಿಸಿಕೊಳ್ಳುತ್ತಾರೆ. ವರ್ಷ ಕಳೆದ ಮೇಲೂ ಅತ್ತವರು ದುರ್ಬಲರೆನಿಸಿಕೊಳ್ಳುತ್ತಾರೆ. ಇದು ಅನ್ಯಾಯ. ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಬದುಕಿಗೆ ಹೆಚ್ಚು ಹತ್ತಿರವಾಗಿದೆ: ದುಃಖಿಸುವವರು ಅಗಲಿಕೆಯ ನೋವಿಗೂ ದಿನನಿತ್ಯದ ಕೆಲಸಕ್ಕೂ ನಡುವೆ ಹೋಗಿಬರುತ್ತಿರುತ್ತಾರೆ. ತಿಥಿಯ ದಿನ ಅತ್ತು ಮರುದಿನ ನಗುವುದು ಮರೆವಲ್ಲ, ಚೇತರಿಕೆಯ ರೀತಿಯೇ ಅದು. ಹಾಗೆಂದು ಎಲ್ಲ ದುಃಖವನ್ನೂ ಕಾಲಕ್ಕೇ ಬಿಟ್ಟುಬಿಡಲಾಗದು. ಆರು ತಿಂಗಳು ಮೀರಿಯೂ ತೀವ್ರ ಹಂಬಲ ದಿನಚರಿಯನ್ನೇ ಕೆಡಿಸುತ್ತಿದ್ದರೆ, ಅದನ್ನು ಚಿಕಿತ್ಸೆ ಬೇಕಾದ ಸಮಸ್ಯೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಗುರುತಿಸುತ್ತದೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಕರೆ ಮಾಡಿ.